ಎರಡನೇ ಬ್ರೇಕಿನ ಮೇಲಿದ್ದ ಕಾಲು

ಕ್ಲಚ್ ಸುಟ್ಟ ವಾಸನೆ ಗೊತ್ತಲ್ಲ? ರಬ್ಬರನ್ನೂ ತುಕ್ಕು ಹಿಡಿದ ಮೊಳೆಗಳನ್ನೂ ಒಟ್ಟಿಗೆ ಬಾಣಲೆಗೆ ಹಾಕಿ ಹುರಿದ ಹಾಗೆ. ಕಳೆದ ವಾರ ಲೈಟ್‌ಹೌಸ್ ಹಿಲ್ ಏರಿನಲ್ಲಿ, ನನ್ನ ಕಾರಿನ ಮುಂದೆಯೇ, ಡ್ರೈವಿಂಗ್ ಸ್ಕೂಲಿನ ಒಂದು ಕಾರು ಗಕ್ಕನೆ ನಿಂತುಬಿಟ್ಟಿತು. ಜೋರು ಮಳೆ. ರಸ್ತೆಯ ಮೇಲೆ ಕೆಂಪು ನೀರು ಕೆಳಕ್ಕೆ ಓಡುತ್ತಿದೆ. ಹಿಂದೆ ಸಿಟಿ ಬಸ್ಸಿನವನು ಹಾರ್ನ್ ಮೇಲೆ ಇಟ್ಟ ಕೈ ತೆಗೆಯುವುದೇ ಇಲ್ಲ. ಮುಂದಿನ ಕಾರು ಒಮ್ಮೆ ನಡುಗಿತು, ಒಂದು ಗೇಣು ಹಿಂದಕ್ಕೆ ಜಾರಿತು, ಮತ್ತೆ ನಿಂತಿತು. ಗ್ಲಾಸು ಏರಿಸಿಯೇ ಇದ್ದರೂ ಆ ವಾಸನೆ ಒಳಗೆ ಬಂತು.

ಬೇರೆಯವರಿಗೆ ಆ ವಾಸನೆಯಿಂದ ಗ್ಯಾರೇಜು ನೆನಪಾಗಬಹುದು. ನನಗೆ ನೆನಪಾಗುವುದು ಪಪ್ಪನ ಹೃದಯ. ಅದರ ಜೊತೆಗೆ ಎರಡು ವರ್ಷದ ಹಿಂದಿನ ಒಂದು ಮಳೆಗಾಲ. ಹೆದರಿಕೆಯಲ್ಲಿ ಶುರುವಾಗಿ ಹೆದರಿಕೆಯಲ್ಲೇ ಮುಗಿದ ಮಳೆಗಾಲ.

ನಮ್ಮದು ಬೋಳಾರ. ಮನೆಯಲ್ಲಿ ಮಾತು ಕೊಂಕಣಿ, ಅಂಗಡಿಯಲ್ಲಿ ತುಳು, ಕಾಲೇಜು ಆಸ್ಪತ್ರೆಗಳಲ್ಲಿ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಪಪ್ಪನ ಹೆಸರು ಸಿರಿಲ್. ಒಂದೇ ಒಂದು ಕಾರಿನ ಡ್ರೈವಿಂಗ್ ಸ್ಕೂಲ್ ಅವರದ್ದು. ಕಲಿಯುವವರು ಬಲಗಡೆ ಸ್ಟೇರಿಂಗ್ ಹಿಡಿದು ಕೂತರೆ ಪಪ್ಪ ಎಡಗಡೆ. ಅವರ ಕಾಲಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು. ಕಲಿಯುವವರು ತಪ್ಪಿದರೆ ಒತ್ತಲಿಕ್ಕೆ. ಪಾಠಕ್ಕೆ ಅವರದ್ದೇ ಒಂದು ಕ್ರಮವಿತ್ತು. ಮೊದಲು ಕಾವೂರು ಕೆರೆಯ ಹತ್ತಿರದ ಸಪಾಟು ರಸ್ತೆ. ಗೇರು ಕೈಗೆ ಹತ್ತಿದ ಮೇಲೆ ಲೈಟ್‌ಹೌಸ್ ಹಿಲ್ ಏರು, ಕ್ಲಚ್ ಅರ್ಧ ಬಿಟ್ಟು ಕಾರು ಜಾರದ ಹಾಗೆ ಹಿಡಿಯುವ ಹಾಫ್ ಕ್ಲಚ್ ಕಲಿಯಲಿಕ್ಕೆ. ಕೊನೆಗೆ ಸುರತ್ಕಲ್ ಕಡೆಯ ಹೈವೇ, ಟ್ಯಾಂಕರುಗಳ ಮಧ್ಯೆ. ಇಷ್ಟರಲ್ಲಿ ಎಲ್ಲಿಯೂ ಅವರು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಯಾರಾದರೂ ಗಾಬರಿಯಾದರೆ ಒಂದೇ ಮಾತು: "ಮಂಡೆ ಬಿಸಿ ಮಾಡ್ಬೇಡಿ. ಬಿಸಿ ಆಗ್ಲಿಕ್ಕೆ ಎಂಜಿನ್ ಉಂಟಲ್ಲ, ನೀವು ಯಾಕೆ?"

ಇಷ್ಟು ತಣ್ಣಗಿನ ಮನುಷ್ಯನಿಗೆ ಹೃದಯದ ತೊಂದರೆ ಎಂದರೆ ಯಾರೂ ನಂಬಲಿಲ್ಲ. ಆದರೆ ಆ ಮಳೆಗಾಲದ ಹಿಂದಿನ ವರ್ಷವೇ ಅದು ಗೊತ್ತಾಗಿತ್ತು. ನಮ್ಮ ಮನೆ ತಗ್ಗಿನಲ್ಲಿದೆ, ಕಾರು ನಿಲ್ಲಿಸುವುದು ಮೇಲಿನ ರಸ್ತೆಯಲ್ಲಿ. ಆ ಏರಿನ ಅರ್ಧದಲ್ಲಿ ಪಪ್ಪ ನಿಂತು, ಕೊಡೆ ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚುತ್ತಿದ್ದರು. ಬಿಸಿಲಲ್ಲೂ! "ಕಡ್ಡಿ ಸಿಕ್ಕಿಕೊಂಡಿದೆ" ಎನ್ನುತ್ತಿದ್ದರು. ಸಿಕ್ಕಿಕೊಂಡದ್ದು ಕಡ್ಡಿಯಲ್ಲ. ಎದೆಯ ಮೇಲೆ ಅಕ್ಕಿಮುಡಿ ಇಟ್ಟ ಹಾಗೆ ಭಾರವಾಗುತ್ತಿತ್ತು, ನಿಂತರೆ ಇಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಡಾಕ್ಟರ್ ಮೇಡಂ ಅದಕ್ಕೆ ಹೇಳಿದ ಹೆಸರು ಸ್ಟೇಬಲ್ ಅಂಜೈನಾ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಿರಿದಾಗಿದೆ, ಇಷ್ಟು ಶ್ರಮಕ್ಕೆ ಇಷ್ಟು ನೋವು, ವಿಶ್ರಾಂತಿ ತೆಗೆದುಕೊಂಡರೆ ಹೋಗುತ್ತದೆ, ಸದ್ಯಕ್ಕೆ ಅದರ ನಡತೆ ಬದಲಾಗಿಲ್ಲ ಎಂದರ್ಥ. ದಿನದ ಮಾತ್ರೆಗಳನ್ನು ಬರೆದುಕೊಟ್ಟರು, ನೋವು ಬಂದಾಗ ನಾಲಗೆಯ ಅಡಿ ಇಡಲಿಕ್ಕೆ ಒಂದು ಚಿಕ್ಕ ಮಾತ್ರೆಯನ್ನೂ ಕೊಟ್ಟರು.

ಪಪ್ಪ ಇದನ್ನು ಒಂದು ಒಪ್ಪಂದದ ಹಾಗೆ ತೆಗೆದುಕೊಂಡರು. "ನನ್ನ ನೋವು ಮರ್ಯಾದೆಯವ, ಬೆಲ್ ಹೊಡೆದೇ ಒಳಗೆ ಬರುದು. ಬೆಲ್ ಕೇಳಿದ ಕೂಡ್ಲೇ ನಾನು ನಿಲ್ತೇನೆ. ಮತ್ತೆ ಎಂತ ಹೆದರಿಕೆ?"

ಹೆದರಿಕೆ ನನಗಿತ್ತು. ನಾನಾಗ ಬಿ.ಕಾಂ. ಕೊನೆಯ ವರ್ಷ. ಓದಬೇಕಾದದ್ದು ತೆರಿಗೆ, ಓದುತ್ತಿದ್ದದ್ದು ಇ.ಸಿ.ಜಿ. ಯಾರೂ ಹೇಳಿಕೊಟ್ಟದ್ದಲ್ಲ. ಪಪ್ಪನ ಮೊದಲ ಇ.ಸಿ.ಜಿ. ಕಾಗದವನ್ನು ಕೈಯಲ್ಲಿ ಹಿಡಿದಾಗ ಅದರಲ್ಲಿ ಏನೂ ಅರ್ಥವಾಗದೆ ಆದ ಸಂಕಟಕ್ಕೇ ಶುರು ಮಾಡಿದ್ದು. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಎಲ್ಲೆಂದರಲ್ಲಿ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದೆ. ಚಿಕ್ಕ ಗುಡ್ಡ, ಚೂಪು ಶಿಖರ, ಆಮೇಲೆ ಒಂದು ಸಣ್ಣ ಸಪಾಟು ದಾರಿ, ಆಮೇಲೆ ದುಂಡಗಿನ ಗುಡ್ಡ. ಒಂದು ಬಡಿತ ಎಂದರೆ ಇಷ್ಟು. ನನ್ನ ಕಣ್ಣೆಲ್ಲ ಆ ಸಪಾಟು ದಾರಿಯ ಮೇಲೆ. ಸ್ನಾಯುವಿಗೆ ರಕ್ತ ಸಾಲದಾದರೆ ಕುಸಿಯುವುದು ಅದೇ ಜಾಗ. ಇಂಥದ್ದೊಂದು ಗುಟ್ಟು ಬರೀ ಗೆರೆಯಲ್ಲಿ ಕಾಣುತ್ತದಲ್ಲ ಎಂದು ಎಷ್ಟು ಖುಷಿಯಾಗುತ್ತಿತ್ತೋ ಅಷ್ಟೇ ಹೆದರಿಕೆಯೂ ಆಗುತ್ತಿತ್ತು.

ಆದರೆ ಅರ್ಧ ಕಲಿತವರ ಕೈಗೆ ಗೆರೆ ಸಿಕ್ಕಿದರೆ ಏನಾಗುತ್ತದೆ ಎಂದು ಕೇಳಿ. ಒಂದು ದಿನ ಪಪ್ಪನ ಹಳೆಯ ಕಾಗದದಲ್ಲಿ ಒಂದು ಸಾಲು ಪೂರ್ತಿ ತಲೆಕೆಳಗಾಗಿರುವುದನ್ನು ಕಂಡು ಕಿರುಚಿ, ಊಟದ ತಟ್ಟೆಯ ಮುಂದಿನಿಂದ ಅವರನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಡಾಕ್ಟರ್ ನೋಡಿ, ನಗು ತಡೆದು ಹೇಳಿದರು, "ಆ ಸಾಲು ಎಲ್ಲರಿಗೂ ತಲೆಕೆಳಗೇ ಇರ್ತದಮ್ಮ. ನನಗೂ, ನಿನಗೂ." ಆ ಕಡೆಯಿಂದ ನೋಡಿದರೆ ಹೃದಯ ಕಾಣುವುದೇ ಹಾಗಂತೆ. ಅವತ್ತಿನಿಂದ ಮಮ್ಮಿಗೆ ನಾನು ಜೆನಿ ಅಲ್ಲ, ಮೊಬೈಲ್ ಡಾಕ್ಟ್ರು. "ಮೊಬೈಲ್ ಡಾಕ್ಟ್ರೇ, ಮೀನು ತಿನ್ನಬಹುದಾ? ಚಾರ್ಜ್ ಉಂಟಾ ನೋಡಿ ಹೇಳಿ."

ಎರಡು ವರ್ಷದ ಹಿಂದೆ ಮಳೆ ಹಿಡಿದ ಮೇಲೆ ಪಪ್ಪನಲ್ಲಿ ಏನೋ ಬದಲಾಯಿತು. ಪಾಠ ಮುಗಿಸಿ ಬರುವಾಗ ಮುಖ ಒದ್ದೆ ಗೋಡೆಯ ಬಣ್ಣಕ್ಕೆ ತಿರುಗಿರುತ್ತಿತ್ತು. ಕುರ್ಚಿಯಲ್ಲಿ ಕೂತರೆ ಶರ್ಟಿನ ಗುಂಡಿ ಬಿಚ್ಚಲಿಕ್ಕೂ ಮನಸ್ಸಿಲ್ಲ. "ನೋವು ಉಂಟಾ?" "ಇಲ್ಲ." "ನಿಜವಾಗಿ?" "ಇದ್ದಿದ್ರೆ ಬೆಲ್ ಆಗ್ತಿತ್ತಲ್ಲ ಬಾಯೆ." ಬಾಯೆ ಎಂದರೆ ಕೊಂಕಣಿಯಲ್ಲಿ ಮಗಳೇ ಎಂದ ಹಾಗೆ. ಮುಂದಿನ ತಪಾಸಣೆಯಲ್ಲಿ ಡಾಕ್ಟರ್ ಮೇಡಂ ಈ ಆಯಾಸದ ಮಾತು ಕೇಳಿ ಪೆನ್ನು ಕೆಳಗಿಟ್ಟರು. ಪಪ್ಪನಿಗೆ ಸಕ್ಕರೆ ಕಾಯಿಲೆಯೂ ಇತ್ತು. ನೋವು ಇಲ್ಲದೆಯೂ ಹೃದಯಕ್ಕೆ ರಕ್ತ ಕಡಿಮೆಯಾಗುವುದುಂಟು, ಸಕ್ಕರೆ ಇರುವವರಲ್ಲಿ ನೋವು ಹೇಳುವ ನರಗಳೇ ಮಂಕಾಗಿರಬಹುದು, ನೋವಿನ ಜೊತೆ ಬರುವುದನ್ನು ನಾವು ಹಿಡಿಯುತ್ತೇವೆ, ಸುಮ್ಮನೆ ಬಂದು ಹೋಗುವುದನ್ನು ಹುಡುಕಬೇಕು ಎಂದರು. ಅದಕ್ಕೆ ಹೋಲ್ಟರ್ ಎಂಬ ಚಿಕ್ಕ ಪೆಟ್ಟಿಗೆಯನ್ನು ಒಂದು ಹಗಲು ಒಂದು ರಾತ್ರಿ ಮೈಮೇಲೆ ಕಟ್ಟಿಕೊಳ್ಳಬೇಕು. ಬಡಿತ ಬಡಿತವನ್ನೂ ಅದು ಬರೆದುಕೊಳ್ಳುತ್ತದೆ. ನೋವು ಬಂದರೆ ಒತ್ತಲಿಕ್ಕೆ ಒಂದು ಗುಂಡಿ. ಪೆಟ್ಟಿಗೆ ಕಟ್ಟಿದ ಟೆಕ್ನಿಶಿಯನ್ ಸ್ಪಷ್ಟವಾಗಿ ಹೇಳಿದ್ದರು, "ದಿನಾ ಮಾಡುವ ಕೆಲಸ ಮಾಡಿ. ಸ್ನಾನ ಮಾತ್ರ ಬೇಡ."

ಅವತ್ತು ನನಗೆ ಪರೀಕ್ಷೆ. ಸಂಜೆ ಮನೆಗೆ ಬಂದು ನೋಡಿದರೆ ಪಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಈಸಿಚೇರಿನಲ್ಲಿ ನೆಟ್ಟಗೆ, ಫೋಟೋಕ್ಕೆ ಕೂತ ಹಾಗೆ ಕೂತಿದ್ದಾರೆ! ಕಾಲ ಕೆಳಗೆ ದಿಂಬು. ಫ್ಯಾನು ಹದವಾಗಿ. ಮಮ್ಮಿ ಗಂಜಿ ಬಡಿಸಿ ಕೈಗೇ ಕೊಡುತ್ತಿದ್ದಾರೆ. ನೆರೆಹೊರೆಯವರೆಲ್ಲ ಮೋಸಂಬಿ ತಂದು ನೋಡಿ ಹೋಗಿದ್ದಾರೆ. ನಮ್ಮ ಕಡೆ ಹಾಗೆಯೇ. ಮೈಮೇಲೆ ಮೆಷಿನ್ ಬಂತು ಎಂದರೆ ಆತ ಪೇಶಂಟು, ಪೇಶಂಟು ಎಂದರೆ ರೆಸ್ಟು. ಮೆಷಿನ್ ಕಟ್ಟಿಕೊಂಡು ಕೆಲಸಕ್ಕೆ ಹೋಗುವುದೆಂದರೆ ಡಾಕ್ಟರಿಗೂ ಮೆಷಿನ್ನಿಗೂ ಅವಮಾನ ಮಾಡಿದ ಹಾಗೆ. ಪಾಠಗಳಿಗೆಲ್ಲ ರಜೆ.

"ಪಪ್ಪ, ಕ್ಲಾಸಿಗೆ ಹೋಗ್ಲಿಲ್ವಾ?"

ಉತ್ತರ ಮಮ್ಮಿಯಿಂದ ಬಂತು. "ಇಷ್ಟು ದೊಡ್ಡ ವಯರು ಕಟ್ಟಿಕೊಂಡು ಹೋಗ್ಲಿಕ್ಕೆ ಅವರೆಂತ ಕರೆಂಟಿನವರಾ? ಸುಮ್ನೆ ಕೂರು."

ರಿಪೋರ್ಟು ಬಂತು. ಕ್ಲೀನ್. ಎಲ್ಲಿಯೂ ಗೆರೆ ಕುಸಿದಿರಲಿಲ್ಲ. ಮಮ್ಮಿ ಮೇಣದಬತ್ತಿ ಹಚ್ಚಿದರು, ಹಬ್ಬಕ್ಕೆ ಮಾಡುವ ಇಡ್ಲಿಯಂಥ ಸಾನ್ನ ಮಾಡಿದರು. ಪಪ್ಪ ಮಾರನೆಯ ದಿನದಿಂದ ಒಂದು ಪಾಠ ಹೆಚ್ಚೇ ಹಿಡಿದರು. ಕೊಡೆ ಬೀಸಿಕೊಂಡು ಏರು ಹತ್ತುತ್ತಿದ್ದರು. ನನಗೆ ಅನ್ನ ಇಳಿಯುತ್ತಿರಲಿಲ್ಲ. ಈಸಿಚೇರಿನಲ್ಲಿ ಕೂತ ಹೃದಯದ ಚಿತ್ರ ಅದು. ಏರಿನಲ್ಲಿ, ಮಳೆಯಲ್ಲಿ, ಬಸ್ಸಿನ ಹಾರ್ನಿನ ಮುಂದೆ ಅದು ಏನು ಮಾಡುತ್ತದೆ ಎಂದು ಯಾರೂ ನೋಡಿರಲಿಲ್ಲ. ಇದನ್ನು ಹೇಳಲಿಕ್ಕೆ ಹೋದರೆ ತಲೆಕೆಳಗಾದ ಸಾಲಿನ ಕಥೆ ಹೊರಗೆ ಬರುತ್ತಿತ್ತು. ಕೊನೆಗೆ ಒಂದು ದಿನ ಪಪ್ಪನೇ, ನಗುತ್ತಲೇ, ಆದರೆ ಸ್ವಲ್ಪ ನೋಯುವ ಹಾಗೆ ಕೇಳಿದರು, "ನಿನಗೆ ಎಂತ, ಕ್ಲೀನ್ ಬಂದದ್ದು ಬೇಜಾರಾ?"

ಕಾಲೇಜಿನಲ್ಲಿ ಕೂತಿದ್ದಾಗ ಫೋನು ನಡುಗಿದರೂ ನಾನು ನಡುಗುತ್ತಿದ್ದೆ. ಕಣ್ಣು ಮುಚ್ಚಿದರೆ ಸುರತ್ಕಲ್ ಹೈವೇ. ಎರಡು ಟ್ಯಾಂಕರುಗಳ ಮಧ್ಯೆ ಪಪ್ಪನ ಕಾರು, ಸ್ಟೇರಿಂಗ್ ಹಿಡಿದವರು ಹೊಸಬರು, ಎಡಗಡೆಯ ಸೀಟಿನಲ್ಲಿ ಪಪ್ಪನ ತಲೆ ಮೆಲ್ಲಗೆ ವಾಲುತ್ತದೆ. ಯಾವ ಬೆಲ್ಲೂ ಇಲ್ಲ.

ರಿಪೋರ್ಟು ತೋರಿಸಲಿಕ್ಕೆ ಹೋದಾಗ ನಾನೂ ಹಟ ಮಾಡಿ ಹೋದೆ. ಡಾಕ್ಟರ್ ಮೇಡಂ ಪುಟ ತಿರುಗಿಸುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ನಾನು, "ಮೇಡಂ, ಪಪ್ಪ ಅವತ್ತು ಇಡೀ ದಿನ ಈಸಿಚೇರ್‌ನಲ್ಲಿ ಕೂತಿದ್ರು" ಎಂದುಬಿಟ್ಟೆ. ಮಮ್ಮಿ ನನ್ನ ತೊಡೆ ಚಿವುಟಿದರು.

ಮೇಡಂ ತಲೆ ಎತ್ತಿದರು. "ನಾನು ಅದನ್ನೇ ಕೇಳ್ಬೇಕಂತ ಇದ್ದೆ. ಇಡೀ ದಿನ ನಾಡಿ ಏರಲೇ ಇಲ್ಲ. ಸಿರಿಲ್, ನೀವು ಡ್ರೈವಿಂಗ್ ಕಲಿಸುವವರಾ, ಧ್ಯಾನ ಕಲಿಸುವವರಾ?"

"ಮೆಷಿನ್ ಇತ್ತಲ್ಲ ಮೇಡಂ," ಎಂದರು ಪಪ್ಪ, ಶಾಲೆಯ ಹುಡುಗನ ಹಾಗೆ.

"ಮೆಷಿನ್ ಕಟ್ಟಿದ್ದು ನಿಮ್ಮ ಕೆಲಸದ ದಿನ ನೋಡ್ಲಿಕ್ಕೆ. ಇನ್ನೊಮ್ಮೆ ಮಾಡುವ. ಹೊಸತೆಂತದೂ ಬೇಡ, ದಿನಾ ಎಂತ ಮಾಡ್ತೀರೋ ಅದೇ. ಮಾತ್ರೆ ಜೇಬಲ್ಲಿ ಇರ್ಲಿ. ಸ್ವಲ್ಪ ಏನಾದ್ರೂ ಆದ್ರೆ ನಿಲ್ಲಿಸಿ. ಮಗಳು ಒಟ್ಟಿಗೆ ಇರ್ಲಿ."

ಹಾಗೆ ಎರಡನೇ ಸಲ ಪೆಟ್ಟಿಗೆ ಕಟ್ಟಿಕೊಂಡ ದಿನ ನಾನು ಕಾರಿನ ಹಿಂದಿನ ಸೀಟಿನಲ್ಲಿದ್ದೆ. ಬೆಳಿಗ್ಗೆ ಮನೆಯ ಏರಿನಲ್ಲಿ ಪಪ್ಪ ಕೊಡೆ ಮಡಚಿದರು. ಎದೆ ಸ್ವಲ್ಪ ಬಿಗಿಯಿತು ಎಂದು ಗುಂಡಿಯನ್ನೂ ಒತ್ತಿದರು. ನಿಂತ ಮೇಲೆ ಬಿಟ್ಟಿತು. "ನೋಡಿದ್ಯಾ, ಬೆಲ್ ಸರಿ ಉಂಟು" ಎಂದು ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

ಅವತ್ತಿನ ಪಾಠ ವಸಂತಿ ಆಂಟಿಯದ್ದು. ಕಾವೂರಿನಲ್ಲಿ ಅವರ ಮನೆಯವರ ಹೋಟೆಲಿದೆ. ವಯಸ್ಸು ಐವತ್ತು ದಾಟಿದ ಮೇಲೆ ಕಾರು ಕಲಿಯಲು ಹೊರಟವರು. ಗಂಡ "ನೀನು ಕಾರು ಕಲ್ತ ದಿನ ನಾನು ವಿಮಾನ ಬಿಡ್ತೇನೆ" ಎಂದಿದ್ದರಂತೆ. ಆ ಒಂದು ಮಾತಿಗೆ ಹಟ ಹಿಡಿದಿದ್ದರು. ಪಪ್ಪನನ್ನು ಅವರು ಕರೆಯುವುದು ಪೊರ್ಬುಗಳೇ ಎಂದು. ತುಳು ಮಾತಾಡುವವರು ಇಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಶರ್ಟಿನ ಒಳಗಿಂದ ವಯರು ಇಣುಕಿದ್ದನ್ನು ಕಂಡು ಅವರು ಹಿಂದೆ ತಿರುಗಿದರು. "ಎಂತ ಮಾರಾಯ್ತಿ ಇದು? ನನ್ನ ಡ್ರೈವಿಂಗ್‌ಗೆ ಹೆದರಿ ನಿನ್ನ ಅಪ್ಪ ಮೆಷಿನ್ ಹಾಕಿಕೊಂಡು ಬಂದದ್ದಾ?"

"ಹೌದು," ಎಂದರು ಪಪ್ಪ. "ನಿಮ್ಮ ಮಾರ್ಕು ಇದರಲ್ಲಿ ಬರ್ತದೆ. ಹೋಗುವ."

ಏರು ಬಂತು. ಮಳೆ ದಪ್ಪಗಾಯಿತು. ವೈಪರು ಒರೆಸಿದಷ್ಟೂ ಗ್ಲಾಸು ಮಂಜಾಗುತ್ತಿತ್ತು. ಅರ್ಧ ಏರಿನಲ್ಲಿ ಮುಂದಿನ ರಿಕ್ಷಾ ನಿಂತದ್ದರಿಂದ ನಾವೂ ನಿಲ್ಲಬೇಕಾಯಿತು. ಹಿಂದೆ ಬಸ್ಸು. ರಿಕ್ಷಾ ಹೊರಟಿತು. ನಮ್ಮ ಕಾರು ಒಮ್ಮೆ ಎಗರಿ ಬಂದ್ ಬಿತ್ತು.

"ಅಯ್ಯೋ ಪೊರ್ಬುಗಳೇ, ಹಿಂದೆ ಬಸ್ಸು, ಬಸ್ಸು!"

"ಬಸ್ಸಿಗೆ ಅದರದ್ದೇ ಬ್ರೇಕ್ ಉಂಟು ಅಕ್ಕ. ಕ್ಲಚ್ ನಿಧಾನ ಬಿಡಿ. ಕಾರು ನಡುಗ್ತದೆ, ಅಲ್ಲೇ ಹಿಡೀರಿ. ನಡುಗುವುದು ಒಳ್ಳೇದು. ನಡುಗದೆ ನಿಂತ್ರೇ ಕಷ್ಟ."

ಕಾರು ನಡುಗಿತು, ಜಾರಿತು, ನಿಂತಿತು. ಮತ್ತೊಮ್ಮೆ. ವಾಸನೆ ತುಂಬಿಕೊಂಡಿತು. ಬಸ್ಸಿನ ಕಂಡಕ್ಟರು ಕೆಳಗಿಳಿದು ಬಾಗಿಲು ಬಡಿದು ಏನೋ ಬೈದ. ವಸಂತಿ ಆಂಟಿ ಗ್ಲಾಸು ಇಳಿಸಿ ತುಳುವಿನಲ್ಲಿ ಅವನ ಮೂರು ತಲೆಮಾರು ವಿಚಾರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಪಪ್ಪನ ಮುಖ ನೋಡಿದೆ, ಕೆರೆಯ ನೀರಿನ ಹಾಗೆ ಶಾಂತವಾಗಿತ್ತು. ಆಮೇಲೆ ಸೀಟುಗಳ ಮಧ್ಯದಿಂದ ಕೆಳಗೆ ಕಣ್ಣು ಹೋಯಿತು. ಮಳೆಗಾಲದಲ್ಲಿ ಪಪ್ಪ ಚಪ್ಪಲಿ ಕಳಚಿಯೇ ಪಾಠ ಮಾಡುತ್ತಿದ್ದರು. ಅವರ ಬಲಗಾಲು ಎರಡನೇ ಬ್ರೇಕಿನ ಮೇಲೆ, ಹಿಮ್ಮಡಿ ನೆಲ ಬಿಟ್ಟು, ಬೆರಳುಗಳು ಒಳಕ್ಕೆ ಮಡಚಿ, ಮೀನಖಂಡದ ನರ ಹುರಿ ಹಗ್ಗದ ಹಾಗೆ ಎದ್ದು ನಿಂತಿತ್ತು. ಮುಖಕ್ಕೂ ಕಾಲಿಗೂ ಸಂಬಂಧವೇ ಇಲ್ಲ. ಬೇರೆ ಯಾರದ್ದೋ ಕಾಲಿನ ಹಾಗೆ ಕಂಡಿತು.

"ಎಂತ ಆಗ್ಲಿಲ್ಲ ಅಕ್ಕ. ಇನ್ನೊಮ್ಮೆ."

ಈ ಸಲ ಕಾರು ಏರಿತು. ಮೇಲೆ ತಲುಪಿ ಬದಿಗೆ ನಿಲ್ಲಿಸಿದಾಗ ವಸಂತಿ ಆಂಟಿ ಸ್ಟೇರಿಂಗಿಗೆ ಮುತ್ತು ಕೊಟ್ಟರು. ನಾನು ಮುಂದೆ ಬಗ್ಗಿ ಕೇಳಿದೆ, "ಪಪ್ಪ, ನೋವು? ಭಾರ? ಉಸಿರು?"

"ಎಂತ ಇಲ್ಲ ಬಾಯೆ." ಗುಂಡಿಯನ್ನು ಅವರು ಮುಟ್ಟಿರಲೂ ಇಲ್ಲ.

ಎರಡು ದಿನದ ನಂತರ ಡಾಕ್ಟರ್ ಮೇಡಂ ತಮ್ಮ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಮನೆಯ ಏರಿನಲ್ಲಿ ಗುಂಡಿ ಒತ್ತಿದ ಗುರುತು ಇತ್ತು. ಅಲ್ಲಿ ಗೆರೆ ಒಂದು ಚೂರು ಕುಸಿದು ಬೇಗ ಎದ್ದಿತ್ತು. ಆಮೇಲೆ ಮೇಡಂ ಮುಂದೆ ಸರಿಸಿದರು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಶಿಖರದ ನಂತರದ ಆ ಸಪಾಟು ದಾರಿ, ನಾನು ತಿಂಗಳುಗಟ್ಟಲೆ ಕಣ್ಣಿಟ್ಟು ಕಲಿತ ದಾರಿ, ಆಳಕ್ಕೆ ಇಳಿದು ಅಲ್ಲೇ ಇತ್ತು. ಬಡಿತದ ನಂತರ ಬಡಿತ, ಮೇಲೆ ಬರಲೇ ಇಲ್ಲ. ಈ ಸಲ ತಲೆಕೆಳಗಾದ ಸಾಲು ಆಗಿರಲಿ, ನಾನೇ ತಪ್ಪಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಈ ಹೊತ್ತಿಗೆ ಎಲ್ಲಿದ್ರಿ?"

ಪಪ್ಪನಿಗೆ ಹೊಳೆಯಲಿಲ್ಲ. ನಾನು ಹೇಳಿದೆ. ಏರಿನಲ್ಲಿ, ಬಸ್ಸಿನ ಮುಂದೆ. ನಾನು ಹಿಂದೆ ಕೂತು ನಗುತ್ತಿದ್ದ ಹೊತ್ತು ಅದು.

"ಆದ್ರೆ ಅಲ್ಲಿ ನನಗೆ ಎಂತ ಆಗ್ಲಿಲ್ಲ ಮೇಡಂ. ಸೀಟಲ್ಲಿ ಕೂತಿದ್ದೆ."

"ನೀವು ಕೂತಿದ್ರಿ. ನಿಮ್ಮ ಹೃದಯ ಏರು ಹತ್ತುತ್ತಿತ್ತು." ಮೇಡಂ ದನಿ ಮೆತ್ತಗಿತ್ತು. ನಡೆಯುವುದು, ಓಡುವುದು ಮಾತ್ರ ಶ್ರಮವಲ್ಲ, ಮನಸ್ಸಿನ ಒತ್ತಡಕ್ಕೂ ಹೀಗಾಗುತ್ತದೆ, ಹಾಗಾದಾಗ ಎಷ್ಟೋ ಸಲ ನೋವೇ ಇರುವುದಿಲ್ಲ ಎಂದು ವಿವರಿಸಿದರು. ಈ ಪೆಟ್ಟಿಗೆಯ ಗೆರೆ ಸುಳಿವು ಮಾತ್ರ, ಮೈ ತಿರುಗಿಸಿ ಮಲಗಿದರೂ ಕೆಲವೊಮ್ಮೆ ಗೆರೆ ಹೀಗೆ ಬದಲಾಗುವುದುಂಟು, ಆದ್ದರಿಂದ ಹೃದಯವನ್ನು ಓಡಿಸಿ ಸ್ಕ್ಯಾನ್ ಮಾಡಿ ಖಚಿತ ಮಾಡಿಕೊಳ್ಳೋಣ ಎಂದೂ ಹೇಳಿದರು. ಕೊನೆಗೆ, "ಅಲ್ಲಿಯವರೆಗೆ ಎರಡನೇ ಬ್ರೇಕ್ ಇರುವ ಆ ಸೀಟಿಗೆ ರಜೆ. ನಿಮಗೋಸ್ಕರ, ಕಲಿಯುವವರಿಗೋಸ್ಕರವೂ. ಕಾರು ಬಿಡುವುದೂ ಬೇಡ."

ಹೊರಗೆ ಬಂದು ಕಾರಿಡಾರಿನ ಬೆಂಚಿನಲ್ಲಿ ಕೂತಾಗ ಪಪ್ಪನ ಮುಖದಲ್ಲಿ ಹೆದರಿಕೆಯನ್ನು ಮೊದಲ ಸಲ ನೋಡಿದೆ. "ನೋವೇ ಇಲ್ಲದಿದ್ರೆ ನನಗೆ ಹೇಗೆ ಗೊತ್ತಾಗುದು?" ಎಂದರು. ನನ್ನನ್ನು ಕೇಳಿದ್ದಲ್ಲ. ಮಮ್ಮಿ ಆ ದಿನದಿಂದ ಮೊಬೈಲ್ ಡಾಕ್ಟ್ರು ಎಂದು ಕರೆಯಲಿಲ್ಲ. ಒಮ್ಮೆ ಕರೆದಿದ್ದರೆ ನನಗೆ ಎಷ್ಟು ಧೈರ್ಯ ಬರುತ್ತಿತ್ತು!

ಆಮೇಲಿನ ದಿನಗಳು ಹೇಗಿದ್ದವು ಎಂದರೆ, ಮನೆಯಲ್ಲಿ ಬಾಂಬು ಇಟ್ಟು ಅದಕ್ಕೆ ಸದ್ದಿಲ್ಲ ಎಂದು ಹೇಳಿ ಹೋದ ಹಾಗೆ. ಮೊದಲು ನೋವು ಬಂದರೆ ಹೆದರಿಕೆ ಇತ್ತು. ಈಗ ನೋವು ಬರದಿದ್ದರೂ ಹೆದರಿಕೆ. ಪಪ್ಪ ಸ್ನಾನಕ್ಕೆ ಹೋದರೆ ಮಮ್ಮಿ ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳುತ್ತಿದ್ದರು. ಪಪ್ಪ ಪೇಪರು ಓದುತ್ತಿದ್ದರೆ ಪುಟ ತಿರುಗುತ್ತದಾ ಎಂದು ನಾನು ಕಾಯುತ್ತಿದ್ದೆ. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಮೇಲಿನ ರಸ್ತೆಯಲ್ಲಿ ನಿಂತ ಕಾರಿನ ಎಲ್ ಬೋರ್ಡಿನ ಕೆಂಪು ಬಣ್ಣ ಕರಗಿ ಇಳಿಯಿತು. "ನನ್ನನ್ನು ಟ್ರಾಫಿಕ್ ಸಿಗ್ನಲ್ ನೋಡಿದ ಹಾಗೆ ನೋಡ್ಬೇಡಿ ಮಾರಾಯ್ರೆ. ಹಸಿರೇ ಉಂಟು" ಎಂದು ಪಪ್ಪ ರೇಗಿದರು. ಆದರೆ ಅವರೇ ಮೆಟ್ಟಿಲಲ್ಲಿ ನಿಂತು, ನೋವಿಲ್ಲದ ಎದೆಯ ಮೇಲೆ ಕೈ ಇಟ್ಟು, ಬಾಗಿಲಿಗೆ ಕಿವಿ ಕೊಟ್ಟವರ ಹಾಗೆ ಕೇಳಿಸಿಕೊಳ್ಳುತ್ತಿದ್ದರು.

ವಸಂತಿ ಆಂಟಿ ಗೋಳಿಬಜೆಯ ಪೊಟ್ಟಣ ಹಿಡಿದು ಬಂದರು. ಪಪ್ಪನಿಗೆ ಎಣ್ಣೆಯದ್ದು ಆಗದು ಎಂದು ಬಾಗಿಲಲ್ಲೇ ನೆನಪಾಗಿ ಪೊಟ್ಟಣವನ್ನು ನನ್ನ ಕೈಗೆ ತುರುಕಿದರು. ಕಣ್ಣು ಒದ್ದೆಯಾಗಿತ್ತು. "ನನ್ನಿಂದಾಗಿ ಆಯ್ತಾ ಪೊರ್ಬುಗಳೇ?"

"ನಿಮ್ಮಿಂದಾಗಿ ಗೊತ್ತಾಯ್ತು ಅಕ್ಕ," ಎಂದರು ಪಪ್ಪ. "ನೀವು ಅವತ್ತು ಚಂದ ಓಡಿಸಿದ್ದಿದ್ರೆ ಮೆಷಿನ್‌ಗೆ ಎಂತದೂ ಸಿಗ್ತಿರ್ಲಿಲ್ಲ."

ಆಂಟಿ ಅಳುತ್ತಲೇ ನಕ್ಕರು. ಆ ತಿಂಗಳು ನಮ್ಮ ಮನೆಯಲ್ಲಿ ಕೇಳಿದ ದೊಡ್ಡ ನಗು ಅದೊಂದೇ.

ಸ್ಕ್ಯಾನಿನಲ್ಲಿ ಸುಳಿವು ನಿಜವಾಯಿತು. ಬಡಿತ ಏರಿಸಿದಾಗ ಹೃದಯದ ಮುಂಭಾಗದ ಗೋಡೆ ಉಳಿದದ್ದರ ಜೊತೆ ಹೆಜ್ಜೆ ಹಾಕಲಾರದೆ ಸೋಲುತ್ತಿತ್ತು. ಆಂಜಿಯೋಗ್ರಾಂ ಮಾಡಿ ನೋಡಬೇಕು, ಬೇಕಾದರೆ ಆಗಲೇ ಸ್ಟೆಂಟ್ ಹಾಕುವುದು ಎಂದು ದಿನ ಕೊಟ್ಟರು. ಆ ಬೆಳಿಗ್ಗೆ ಬರುತ್ತೇನೆ ಎಂದಿದ್ದ ರಿಕ್ಷಾ ಬರಲಿಲ್ಲ. ಎಲ್ಲೋ ನೀರು ನಿಂತಿದೆಯಂತೆ. ಹೊತ್ತು ಹೋಗುತ್ತಿತ್ತು. ಪಪ್ಪ ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದು ನನ್ನ ಮುಂದೆ ಹಿಡಿದರು.

ನನಗೆ ಲೈಸೆನ್ಸ್ ಬಂದು ತಿಂಗಳೂ ಆಗಿರಲಿಲ್ಲ. ಕಲಿಸಿದವರು ಪಪ್ಪನೇ. ಅವರ ಕಾಲು ಎರಡನೇ ಬ್ರೇಕಿನ ಮೇಲೆ ಇಲ್ಲದೆ ನಾನು ಎಲ್ಲಿಗೂ ಓಡಿಸಿರಲಿಲ್ಲ.

ಮಮ್ಮಿ ಬ್ಯಾಗು ಮಡಿಲಲ್ಲಿಟ್ಟು ಹಿಂದೆ ಕೂತು ಜಪಮಾಲೆ ಹಿಡಿದರು. ಪಪ್ಪ ಎಡಗಡೆ. ಲೈಟ್‌ಹೌಸ್ ಹಿಲ್ ಏರು ಬರುವವರೆಗೆ ಸರಿಯಾಗಿಯೇ ಹೋಯಿತು. ಅರ್ಧ ಏರಿನಲ್ಲಿ ಸಾಲಾಗಿ ವಾಹನಗಳು ನಿಂತವು. ನಾನೂ ನಿಂತೆ. ಕನ್ನಡಿಯಲ್ಲಿ ನೋಡಿದರೆ ಬಸ್ಸಿನ ಮೂತಿ. ನಾನು ಹೆದರಿದ್ದು ಬಸ್ಸಿಗಲ್ಲ. ಈಗ ನಾನು ಕ್ಲಚ್ ತಪ್ಪಿದರೆ, ಕಾರು ಹಿಂದೆ ಜಾರಿದರೆ, ಪಕ್ಕದ ಸೀಟಿನಲ್ಲಿ ಆ ಗೆರೆ ಕುಸಿಯುತ್ತದೆ. ಈ ಹೊತ್ತು ಪೆಟ್ಟಿಗೆಯೂ ಇಲ್ಲ. ಕುಸಿದದ್ದು ನನಗೆ ಕಾಣುವುದಿಲ್ಲ, ಅವರಿಗೂ ಕೇಳುವುದಿಲ್ಲ. ಮುಂದಿನ ವಾಹನ ಹೊರಟಿತು. ನಾನು ಕ್ಲಚ್ ಬಿಟ್ಟೆ. ಕಾರು ಎಗರಿ ಬಂದ್ ಬಿತ್ತು.

ಮಮ್ಮಿಯ ಜಪ ನಿಂತಿತು. ಹಾರ್ನ್ ಶುರುವಾಯಿತು. ನಾನು ಪಪ್ಪನ ಮುಖ ನೋಡಿದೆ. ಅದೇ ಕೆರೆಯ ನೀರು. ನಂಬಲಿಕ್ಕಾಗದ ಮುಖ! ಕೆಳಗೆ ನೋಡಿದೆ. ಬಲಗಾಲು ಪೆಡಲಿನ ಮೇಲೆ ಸೆಟೆದು ನಿಂತಿತ್ತು.

"ಪಪ್ಪ, ಕಾಲು..." ಎಂದೆ.

ಅವರು ತಮ್ಮ ಕಾಲನ್ನು ತಾವೇ ನೋಡಿದರು. ಅದು ಅಲ್ಲಿದೆ ಎಂದು ಅವರಿಗೆ ಆಗಲೇ ಗೊತ್ತಾದ ಹಾಗಿತ್ತು. ಒಂದು ಉದ್ದನೆಯ ಉಸಿರು ಬಿಟ್ಟರು. ಆಮೇಲೆ ಎರಡೂ ಕಾಲುಗಳನ್ನು ಪೆಡಲಿನಿಂದ ತೆಗೆದು, ಹಿಂದಕ್ಕೆ ಎಳೆದುಕೊಂಡು, ಸೀಟಿನ ಅಡಿಗೆ ಸೇರಿಸಿದರು. ಕೈಗಳನ್ನು ತೊಡೆಯ ಮೇಲಿಟ್ಟರು, ಪೂಜೆಯ ಹೊತ್ತಿಗೆ ಇಗರ್ಜಿಯ ಬೆಂಚಿನಲ್ಲಿ ಕೂತವರ ಹಾಗೆ.

"ನೋಡು. ನನ್ನ ಕಾಲು ಈಗ ಬ್ರೇಕಲ್ಲಿ ಇಲ್ಲ. ನೀನೇ ಹೋಗು. ಹ್ಯಾಂಡ್‌ಬ್ರೇಕ್ ಹಾಕು, ನಡುಗುವಲ್ಲಿ ಹಿಡಿ, ಆಮೇಲೆ ಬಿಡು. ಅವಸರ ಇಲ್ಲ."

ನಡುಗುವಲ್ಲಿ ಹಿಡಿದೆ. ಕಾರಿನ ನಡುಕ ಯಾವುದು, ನನ್ನದು ಯಾವುದು ಎಂದು ತಿಳಿಯಲಿಲ್ಲ. ಹ್ಯಾಂಡ್‌ಬ್ರೇಕ್ ಬಿಟ್ಟೆ. ಕಾರು ಮೇಲಕ್ಕೆ ಹೋಯಿತು.

ಆಂಜಿಯೋಗ್ರಾಂನಲ್ಲಿ ನೋಡಿದರೆ, ಹೃದಯದ ಮುಂಭಾಗಕ್ಕೆ ಹೋಗುವ ದೊಡ್ಡ ನಾಳ ಶುರುವಿನಲ್ಲೇ ದಾರದಷ್ಟು ಕಿರಿದಾಗಿತ್ತು. ಅಲ್ಲೇ ಸ್ಟೆಂಟ್ ಹಾಕಿದರು. ಹೊರಗೆ ಬಂದ ಡಾಕ್ಟರ್ ಮೇಡಂ ಮಾಸ್ಕ್ ಇಳಿಸಿ ನಕ್ಕಾಗ ಮಮ್ಮಿ ಕುಸಿದು ಕೂತು, ಮೊದಲು ದೇವರಿಗೆ, ಆಮೇಲೆ ವಸಂತಿ ಆಂಟಿಯ ಡ್ರೈವಿಂಗಿಗೆ ಥ್ಯಾಂಕ್ಸ್ ಹೇಳಿದರು. ಆದರೆ ಮೇಡಂ ಇನ್ನೊಂದನ್ನೂ ಹೇಳಿದರು. ದಾರಿ ದೊಡ್ಡದಾಗಿದೆ, ಬೆಲ್ ರಿಪೇರಿಯಾಗಿಲ್ಲ. ಇನ್ನು ಮುಂದೆಯೂ ನೋವಿಲ್ಲ ಎಂಬುದನ್ನು ನಂಬಿ ಕೂರಬಾರದು, ಮಾತ್ರೆಯೂ ತಪಾಸಣೆಯೂ ತಪ್ಪಬಾರದು. ಆ ಹೆದರಿಕೆ ಹೋಗಲಿಲ್ಲ. ನನ್ನೊಳಗೆ ಅದು ಈಗಲೂ ಇದೆ, ಸದ್ದಿಲ್ಲದೆ. ಪಪ್ಪ ಏರಿನ ಪಾಠ ಬಿಟ್ಟರು. ಕಾರು ಮಾರಿ, ಎರಡನೇ ಬ್ರೇಕ್ ಇಲ್ಲದ ಮಾಮೂಲಿ ಕಾರು ತೆಗೆದುಕೊಂಡೆವು. ಈಗ ಅವರು ಪರಿಚಯದವರ ಸ್ಕೂಲಿನಲ್ಲಿ ಕೂತು ರಸ್ತೆ ಚಿಹ್ನೆಗಳ ಪಾಠ ಹೇಳುತ್ತಾರೆ. ವಸಂತಿ ಆಂಟಿ ಕಾರಿನಲ್ಲೇ ಮಾರ್ಕೆಟಿಗೆ ಬರುತ್ತಾರೆ. ಅವರ ಗಂಡ ಇನ್ನೂ ವಿಮಾನ ಬಿಟ್ಟಿಲ್ಲ.

ಕಳೆದ ವಾರ ಲೈಟ್‌ಹೌಸ್ ಹಿಲ್‌ನಲ್ಲಿ ಆ ಕಲಿಯುವ ಕಾರು ಮತ್ತೆ ನಡುಗಿತು, ಮತ್ತೆ ಜಾರಿತು. ಹಿಂದಿನ ಬಸ್ಸಿನವನು ಈಗ ಲೈಟೂ ಹೊಡೆಯತೊಡಗಿದ್ದ. ನನ್ನ ಕೈ ಗೊತ್ತಿಲ್ಲದೆ ಹಾರ್ನಿನ ಹತ್ತಿರ ಹೋಯಿತು.

"ಹಾರ್ನ್ ಹೊಡೀಬೇಡ," ಎಂದರು ಪಕ್ಕದ ಸೀಟಿನಿಂದ ಪಪ್ಪ. "ಕಲಿಯುವವರು. ಜಾಗ ಬಿಡು."

ದನಿ ತಣ್ಣಗೆ, ಮುಖ ತಣ್ಣಗೆ. ನಾನೀಗ ಆ ಮುಖವನ್ನು ನಂಬುವುದಿಲ್ಲ. ಕೆಳಗೆ ನೋಡಿದೆ. ಏನೂ ಇಲ್ಲದ ರಬ್ಬರ್ ಮ್ಯಾಟಿನ ಮೇಲೆ, ಹಿಮ್ಮಡಿ ಎದ್ದು, ಬೆರಳುಗಳು ಮಡಚಿ, ಪಪ್ಪನ ಬಲಗಾಲು ಮುಂದಿನ ಕಾರಿಗೆ ಬ್ರೇಕ್ ಹಾಕುತ್ತಿತ್ತು.

"ಪಪ್ಪ, ಕಾಲು."

"ಓ," ಎಂದರು. ಮೆಲ್ಲಗೆ ಕಾಲನ್ನು ಹಿಂದಕ್ಕೆ ಎಳೆದು ಸೀಟಿನ ಅಡಿಗೆ ಇಟ್ಟರು.

ಮುಂದಿನ ಕಾರು ಕೊನೆಗೂ ಏರಿತು. ಕಾಲು ಅಲ್ಲೇ ಇರುವುದನ್ನು ನೋಡಿಕೊಂಡ ಮೇಲೆ ನಾನು ಹ್ಯಾಂಡ್‌ಬ್ರೇಕ್ ಬಿಟ್ಟೆ.